ಕಡ್ಡಿ ಗೀರುವ ಮುನ್ನ

ಸಾಲೋಟಗಿಯ ನಮ್ಮ ಮನೆಯಲ್ಲಿ ಗುಡಿಸಿದ ಕಸಕ್ಕೆ ಬೆಂಕಿ ಹಚ್ಚಿದರೇ ಕೆಲಸ ಮುಗಿದಂತೆ. ಗುಟಖಾ ಪಾಕೀಟು, ಹಾಲಿನ ಚೀಲ, ಲಿಂಬೆ ತೋಟದ ಒಡೆದ ಪಿವಿಸಿ ಪೈಪು ಎಲ್ಲವೂ ಒಂದೇ ಗುಂಡಿಗೆ. ಕಳೆದ ಚಳಿಗಾಲದಲ್ಲಿ ಆ ಹೊಗೆಗೆ ತಾಯಿ ರಾತ್ರಿಯಿಡೀ ಕೆಮ್ಮಿದರು. ನಾವು ಕಿಟಕಿ ಮುಚ್ಚಿದೆವು, ಬೆಂಕಿ ಆರಿಸಲಿಲ್ಲ.

‘ಸರಕಾರವೇ ಕಸ ಸುಡುತ್ತದಲ್ಲ’ ಎಂದು ಸಮಾಧಾನ ಮಾಡಿಕೊಂಡೆವು. ಬೆಂಗಳೂರಿನ ಕಸ ಸುಟ್ಟು ವಿದ್ಯುತ್ ತೆಗೆಯಲು ಬಿಡದಿಯಲ್ಲಿ ದಿನಕ್ಕೆ 600 ಟನ್ ಸಾಮರ್ಥ್ಯದ ಸ್ಥಾವರ ಕಟ್ಟಿದ್ದು ನಿಜ. ಆದರೆ ಅಂಥ ಕಡೆ ಹೊಗೆಯನ್ನು 850 ಡಿಗ್ರಿ ಸೆಲ್ಸಿಯಸ್‌ಗೂ ಮೇಲಿನ ಶಾಖದಲ್ಲಿ ಕನಿಷ್ಠ 2 ಸೆಕೆಂಡ್ ಹಿಡಿದಿಡಬೇಕು. ಇಲ್ಲದಿದ್ದರೆ ಡಯಾಕ್ಸಿನ್ ಎಂಬ ವಿಷ ನಾಶವಾಗದು. ಬಳಿಕ ಸುಣ್ಣ ಆಮ್ಲವನ್ನು ಹೀರಬೇಕು, ಸಂಸ್ಕರಿಸಿದ ಇದ್ದಿಲು ಪಾದರಸವನ್ನೂ ಉಳಿದ ಡಯಾಕ್ಸಿನನ್ನೂ ಹಿಡಿಯಬೇಕು, ಬಟ್ಟೆಯ ಚೀಲಗಳು ಹಾರುಬೂದಿ ಸೋಸಬೇಕು. ಆ ಬೂದಿಯೂ ವಿಷವೇ. ಹಸಿ ಕಸ ಬೆರೆತರಂತೂ ಶಾಖವೇ ಇಳಿಯುತ್ತದೆ.

ನಮ್ಮ ಗುಂಡಿಯಲ್ಲಿ ಸುಣ್ಣವಿಲ್ಲ, ಇದ್ದಿಲಿಲ್ಲ. ಹೊಗೆ ಸೋಸಿದ್ದು ತಾಯಿಯ ಎದೆ.

ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ ದಂಡವೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರ್‌ನಲ್ಲಿ ಆದೇಶಿಸಿತು. ದಂಡ ಕಟ್ಟಿದವರನ್ನು ನಾವು ಕಂಡಿಲ್ಲ. ಕ್ರಿ.ಶ. 945ರ ಶಾಸನ ತೋರಿಸಿ, ಆಗಲೇ ವಿದ್ಯಾಶಾಲೆಯಿದ್ದ ಊರು ನಮ್ಮದು ಎಂದು ಹೆಮ್ಮೆಪಡುವ ನಮಗೆ ಹಸಿ ಕಸ, ಒಣ ಕಸ ಬೇರ್ಪಡಿಸುವ ಪಾಠ ತಡವಾಗಿ ತಲೆಗೆ ಹತ್ತಿತು.

ಈಗ ಹಸಿ ಕಸ ಲಿಂಬೆ ಗಿಡದ ಬುಡಕ್ಕೆ ಗೊಬ್ಬರವಾಗುತ್ತದೆ, ಪೈಪು ಗುಜರಿಯವನಿಗೆ ಹೋಗುತ್ತದೆ. ಗುಟಖಾ ಪಾಕೀಟುಗಳನ್ನು ಮಾತ್ರ ಯಾರೂ ಕೊಳ್ಳುವುದಿಲ್ಲ. ಮೂಲೆಯಲ್ಲಿ ಅವುಗಳ ಚೀಲ ತುಂಬುತ್ತಿದೆ. ಕೈ ಕಡ್ಡಿಪೆಟ್ಟಿಗೆಯತ್ತ ಹೋಗುತ್ತದೆ. ಒಳಗಿನಿಂದ ತಾಯಿ ಕೆಮ್ಮಿದ್ದು ಕೇಳಿಸುತ್ತದೆ.