ಮೆಣಸಿನ ರಾಣಿಯ ಕ್ಷೇಮಪುರ

ಗೇರುಸೊಪ್ಪ ಅಂದ ಕೂಡಲೇ ಬಹಳ ಜನರ ಕಣ್ಣ ಮುಂದೆ ಬರುವುದು ಜೋಗದ ಜಲಪಾತ. ಅವರ ತಪ್ಪೇನಿಲ್ಲ ಬಿಡಿ. ಬ್ರಿಟಿಷರ ಕಾಲದಿಂದ ಅದನ್ನು ಗೇರುಸೊಪ್ಪೆಯ ಜಲಪಾತ ಅಂತಲೇ ಕರೆದು ರೂಢಿಯಾಗಿಬಿಟ್ಟಿತ್ತು. ರಾಜ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಧಾರೆಗಳನ್ನು ನೋಡಿ, ಫೋಟೋ ಹಿಡಿದು, ಮಂಡಕ್ಕಿ ತಿಂದು ಬಸ್ಸು ಹತ್ತುತ್ತೇವೆ. ಆದರೆ ಆ ಧಾರೆಯ ರಾಣಿಗಿಂತ ದೊಡ್ಡ ರಾಣಿಯೊಬ್ಬಳು ಘಟ್ಟದ ಕೆಳಗೆ, ಅದೇ ಶರಾವತಿಯ ದಂಡೆಯ ಮೇಲೆ ಐವತ್ತು ವರ್ಷಕ್ಕೂ ಮೇಲ್ಪಟ್ಟು ಆಳಿದ್ದಳು. ಅವಳ ಊರೇ ನಿಜವಾದ ಗೇರುಸೊಪ್ಪ.

ಹೊನ್ನಾವರದಿಂದ ಸಾಗರದ ಕಡೆ ಹೋಗುವ ಬಸ್ಸಿನಲ್ಲಿ ಕೂತರೆ ಸುಮಾರು 30 ಕಿಲೋಮೀಟರಿಗೆ ಊರು ಸಿಗುತ್ತದೆ. ದಾರಿಯುದ್ದಕ್ಕೂ ಅಡಿಕೆ, ತೆಂಗು. ಅಡಿಕೆ ಮರ ತಬ್ಬಿಕೊಂಡು ಮೇಲೇರಿದ ಕಾಳುಮೆಣಸಿನ ಬಳ್ಳಿ. ಮರಗಳ ಸಂದಿಯಲ್ಲಿ ಆಗಾಗ ಇಣುಕುವ ಹೊಳೆ. ಮುಂದೆ ನೋಡಿದರೆ ಗೋಡೆಯ ಹಾಗೆ ಎದ್ದು ನಿಂತ ಘಟ್ಟ. ನಾವು ಹೋದದ್ದು ಮಾಘದಲ್ಲಿ. ಅಂಗಳ ಅಂಗಳಗಳಲ್ಲೂ ಮೆಣಸು ಒಣಹಾಕಿದ್ದರು. ಹಸಿರು ಮೆಣಸು ಬಿಸಿಲಿಗೆ ಕಪ್ಪಾಗುವಾಗ ಒಂದು ಘಾಟು ಏಳುತ್ತದೆ ನೋಡಿ, ಅದು ಬಸ್ಸಿನೊಳಗೂ ಬರುತ್ತಿತ್ತು. ನಾನೂರೈನೂರು ವರ್ಷದ ಹಿಂದೆ ಸಮುದ್ರದಾಚೆಯವರನ್ನು ಈ ಕರಾವಳಿಗೆ ಎಳೆದು ತಂದದ್ದು ಇದೇ ಘಾಟು.

ಹೆಸರಿನಲ್ಲೇ ಕ್ಷೇಮ

ಹಳೆಯ ಶಾಸನಗಳಲ್ಲಿ ಗೇರುಸೊಪ್ಪಕ್ಕೆ ಕ್ಷೇಮಪುರ ಎಂಬ ಹೆಸರಿದೆ. ಗೇರಿನ ಮರದಿಂದಾಗಿ ಭಲ್ಲಾತಕೀಪುರ ಅಂತಲೂ ಕರೆದದ್ದುಂಟು. ನಾಡಿನ ಹೆಸರು ನಗಿರೆ. ಇಲ್ಲಿ ಆಳಿದವರು ಸಾಳುವ ಮನೆತನದ ಜೈನ ಅರಸರು. ಇದೇ ಮನೆತನದ ಇನ್ನೊಂದು ಶಾಖೆ ಭಟ್ಕಳ ತಾಲ್ಲೂಕಿನ ಹಾಡುವಳ್ಳಿಯಲ್ಲಿತ್ತು. ಅದಕ್ಕೆ ಸಂಗೀತಪುರವೆಂದು ಹೆಸರು. ಇವರು ಸ್ವತಂತ್ರ ಚಕ್ರವರ್ತಿಗಳಲ್ಲ, ವಿಜಯನಗರಕ್ಕೆ ನಡೆದುಕೊಳ್ಳುತ್ತಿದ್ದ ಮಹಾಮಂಡಲೇಶ್ವರರು. ಅಂದರೆ, ಒಂದು ಪ್ರಾಂತವನ್ನು ದೊರೆಯ ಪರವಾಗಿ ನೋಡಿಕೊಳ್ಳುವವರು. ನಮ್ಮ ಕಾಲದ ಮಾತಿನಲ್ಲಿ ಪ್ರಾಂತಾಧಿಪತಿಗಳು ಅನ್ನಿ.

ಪ್ರಾಂತ ನೋಡಿಕೊಳ್ಳುವುದು ಕೂಡು ಕುಟುಂಬದಲ್ಲಿ ನಡುವಿನ ಸೊಸೆ ಇದ್ದ ಹಾಗೆ. ಮೇಲಿನವರ ಅಪ್ಪಣೆ ಮೀರುವಂತಿಲ್ಲ, ಕೆಳಗಿನವರ ಕಣ್ಣೀರು ನೋಡದೆ ಇರುವಂತಿಲ್ಲ. ಈ ಕರಾವಳಿಯಲ್ಲಿ ನೂರು ವರ್ಷದೊಳಗೆ ಮೂವರು ಪ್ರಾಂತಾಧಿಪತಿಗಳು ಮೂರು ರೀತಿ ನಡೆದುಕೊಂಡರು. ಗೇರುಸೊಪ್ಪದ ಕಲ್ಲುಗಳನ್ನು ನೋಡುವ ಮುಂಚೆ ಆ ಕತೆ ತಿಳಿದಿದ್ದರೆ ಕಲ್ಲೂ ಮಾತಾಡುತ್ತದೆ.

ಅಪ್ಪಣೆ ಪಾಲಿಸಿದವನು, ಬೆಂಕಿ ಹಚ್ಚಿದವನು

ಮೊದಲನೆಯವನು ಹೊನ್ನಾವರದ ಮಾಂಡಲಿಕ. ಕಾಲ 1479. ಅರಬ್ಬೀ ಕುದುರೆಗಳ ವ್ಯಾಪಾರ ಭಟ್ಕಳ, ಹೊನ್ನಾವರಗಳ ಮುಸಲ್ಮಾನ ವರ್ತಕರ ಕೈಯಲ್ಲಿತ್ತು. ಅವರು ವಿಜಯನಗರದ ವೈರಿಗಳಾದ ಬಹಮನಿಗಳಿಗೆ ಕುದುರೆ ಮಾರಿದರೆಂದು ಅರಸ ವಿರೂಪಾಕ್ಷನಿಗೆ ಸಿಟ್ಟು ಬಂತು. ಅವರನ್ನೆಲ್ಲ ಕೊಲ್ಲಿಸು ಎಂದು ಮಾಂಡಲಿಕನಿಗೆ ಅಪ್ಪಣೆಯಾಯಿತು. ಅವನು ಅದನ್ನು ನಡೆಸಿಯೂ ಬಿಟ್ಟ. ಸತ್ತವರು ಹತ್ತು ಸಾವಿರ ಎಂದು ಪೋರ್ಚುಗೀಸ್ ಇತಿಹಾಸಕಾರ ಬಾರೋಸ್ ಬರೆದಿದ್ದಾನೆ. ಅವನು ಬರೆದದ್ದು ಎಷ್ಟೋ ವರ್ಷಗಳ ಮೇಲೆ, ಲೆಕ್ಕ ಹೆಚ್ಚುಕಮ್ಮಿ ಇರಬಹುದು. ಆದರೆ ಉಳಿದವರು ಹೆಂಡಿರು ಮಕ್ಕಳನ್ನು ಕಟ್ಟಿಕೊಂಡು ಉತ್ತರಕ್ಕೆ ಗೋವೆಗೆ ಓಡಿದರು, ಅಲ್ಲಿ ಹೊಸದಾಗಿ ಬಾಳು ಕಟ್ಟಿಕೊಂಡರು ಎಂದೂ ಅವನೇ ಹೇಳುತ್ತಾನೆ.

ಗೋವೆಯಲ್ಲಾದರೂ ನೆಮ್ಮದಿ ಉಳಿಯಿತೇ? ಅದೂ ಇಲ್ಲ. 1510ರಲ್ಲಿ ಅಲ್ಬುಕರ್ಕ್ ಗೋವೆಯನ್ನು ಹಿಡಿದು ಅಲ್ಲಿನ ಮುಸಲ್ಮಾನರನ್ನು ಕೊಲ್ಲಿಸಿದ. ಗೋವೆಯನ್ನು ಹಿಡಿಯಲು ಅವನಿಗೆ ದಾರಿ ಹೇಳಿಕೊಟ್ಟವನು ಹೊನ್ನಾವರದ ತಿಮ್ಮಯ್ಯ. ಅದೇ ಹೊನ್ನಾವರದ ಹಡಗುಗಳಿಗೆ 1505ರಲ್ಲಿ ಪೋರ್ಚುಗೀಸರ ಮೊದಲ ವೈಸರಾಯ್ ಅಲ್ಮೇಡಾ ಬೆಂಕಿ ಇಟ್ಟಿದ್ದ! ಹಗೆ ಅನ್ನುವುದು ಹೀಗೆ ಮನೆಯಿಂದ ಮನೆಗೆ ಕೈ ಬದಲಾಯಿಸುತ್ತಾ ಹೋಗುತ್ತದೆ.

ಎರಡನೆಯವನು ಪೋರ್ಚುಗೀಸ್ ಗವರ್ನರ್ ಮಾರ್ಟಿಂ ಅಫೋನ್ಸೋ ಡಿ ಸೋಜ. 1542ರಲ್ಲಿ ಅವನು ಭಟ್ಕಳಕ್ಕೆ ಬಂದ. ಕಪ್ಪ ಕೊಟ್ಟಿಲ್ಲ, ಕಡಲುಗಳ್ಳರಿಗೆ ಜಾಗ ಕೊಟ್ಟಿದ್ದೀರಿ ಎಂಬುದು ನೆಪ. ಆಗ ಭಟ್ಕಳವನ್ನು ಆಳುತ್ತಿದ್ದವಳೂ ಒಬ್ಬ ರಾಣಿಯೇ. ಊರು ಲೂಟಿಯಾಯಿತು, ಬೆಂಕಿಗೆ ಬಿತ್ತು. ಫಲ ಕೊಡುವ ತೆಂಗಿನ ಮರಗಳನ್ನೂ ಬಿಡದೆ ಕಡಿದರು. ಉರಿಯುವ ಮನೆಯಲ್ಲಿ ಗಳ ಹಿರಿದರು ಅನ್ನುತ್ತೇವಲ್ಲ, ಹಾಗೆ ಲೂಟಿಯ ಪಾಲಿಗಾಗಿ ಆ ಸೈನಿಕರು ತಮ್ಮತಮ್ಮಲ್ಲೇ ಕಿತ್ತಾಡಿದರಂತೆ. ತೆಂಗಿನ ಸಸಿ ನೆಟ್ಟವರಿಗೆ ಗೊತ್ತು ಅದು ಕಾಯಿ ಬಿಡಲು ಎಷ್ಟು ವರ್ಷ ಬೇಕೆಂದು. ಮನೆಯನ್ನಾದರೂ ಒಂದು ಬೇಸಿಗೆಯಲ್ಲಿ ಮತ್ತೆ ಕಟ್ಟಬಹುದು. ತೋಟವನ್ನು?

ಬಾಗಿಲು ತೆರೆದವಳು

ಇದಾದ ಹತ್ತು ವರ್ಷಕ್ಕೆ, 1552ರ ಹೊತ್ತಿಗೆ, ಚೆನ್ನಭೈರಾದೇವಿ ಪಟ್ಟಕ್ಕೆ ಬಂದಳು. ಒಂದು ಕೊಲೆಯ ನೆನಪು, ಒಂದು ಸುಟ್ಟ ಬಂದರು, ಕಡಿದುರುಳಿಸಿದ ತೋಟಗಳು. ಇವಿಷ್ಟೂ ಅವಳ ನಾಡಿಗೆ ಬಳುವಳಿಯಾಗಿ ಬಂದಿದ್ದವು. ಹಾಳೂರಿಗೆ ಉಳಿದವನೇ ಗೌಡ ಅನ್ನುವ ಹಾಗೆ ಇದ್ದಷ್ಟು ಬಾಚಿಕೊಂಡು ಕೂತಿದ್ದರೆ ಯಾರೂ ಕೇಳುತ್ತಿರಲಿಲ್ಲ. ಅವಳು ಹಾಗೆ ಮಾಡಲಿಲ್ಲ.

ಅವಳ ನಾಡಿನಲ್ಲಿ ಮೆಣಸು ವಿಪರೀತ ಬೆಳೆಯುತ್ತಿತ್ತು. ಪೋರ್ಚುಗೀಸರು ಅವಳನ್ನು ರೈನಾ ದ ಪಿಮೆಂತಾ, ಮೆಣಸಿನ ರಾಣಿ ಎಂದೇ ಕರೆದರು. ಅವರಿಗೆ ಮೆಣಸು ಬೇಕು, ಅವಳಿಗೆ ಬಂದರುಗಳು ನಡೆಯಬೇಕು. ಹಾಗಾಗಿ ವ್ಯಾಪಾರವನ್ನೂ ಮಾಡಿದಳು, ಮೇಲೆ ಬಿದ್ದಾಗ ಎದುರಿಸಿಯೂ ನಿಂತಳು. 1559ರಲ್ಲೂ 1570ರಲ್ಲೂ ಅವರೊಡನೆ ಕಾದಾಡಿದಳೆಂದು ಹೇಳುತ್ತಾರೆ. ನಡುವೆ 1565ರಲ್ಲಿ ತಾಳೀಕೋಟೆಯ ಯುದ್ಧವಾಗಿ ವಿಜಯನಗರವೇ ಹಾಳಾಯಿತು. ಇನ್ನು ಮೇಲಿನಿಂದ ಸಹಾಯದ ಮಾತೆಲ್ಲಿ? 1569ರಲ್ಲಿ ಹೊನ್ನಾವರದ ಕೋಟೆ ಪೋರ್ಚುಗೀಸರ ಕೈಗೆ ಹೋಯಿತು. ಕುಮಟಾ ತಾಲ್ಲೂಕಿನ ಮಿರ್ಜಾನ್ ಕೋಟೆಯನ್ನು ಕಟ್ಟಿಸಿದವಳು ಇವಳೇ ಎಂಬುದು ಜನರ ನಂಬಿಕೆ.

ಕೋಟೆ ಕಟ್ಟಿದ ಅರಸರು ಬೇಕಾದಷ್ಟು ಜನ ಇದ್ದಾರೆ. ನನಗೆ ದೊಡ್ಡದಾಗಿ ಕಂಡದ್ದು ಇನ್ನೊಂದು ವಿಷಯ. 1560ರಲ್ಲಿ ಗೋವೆಯಲ್ಲಿ ಇಂಕ್ವಿಸಿಷನ್ ಎಂಬ ಮತವಿಚಾರಣೆಯ ನ್ಯಾಯಾಲಯ ಶುರುವಾಯಿತು. 1567ರ ಸುಮಾರಿಗೆ ಸಾಷ್ಟಿ ಪ್ರಾಂತದ ದೇವಸ್ಥಾನಗಳನ್ನು ಕೆಡವಿದರು. ಕೊಂಕಣಿ ಮಾತಾಡುವ ಕುಟುಂಬಗಳು ದೇವರ ಪೆಟ್ಟಿಗೆ, ಕೈಗೆ ಸಿಕ್ಕ ಪಾತ್ರೆಪಡಗ ಕಟ್ಟಿಕೊಂಡು ದಕ್ಷಿಣಕ್ಕೆ ಹೊರಟವು. ಹಾಗೆ ಬಂದ ಸಾರಸ್ವತರಿಗೆ ಮೆಣಸಿನ ರಾಣಿ ತನ್ನ ನಾಡಿನಲ್ಲಿ ಆಸರೆ ಕೊಟ್ಟಳೆಂಬ ನೆನಪು ಈ ಕರಾವಳಿಯಲ್ಲಿ ಇಂದಿಗೂ ಇದೆ. ಅವಳು ಜೈನಳು. ಬಂದವರು ಅವಳ ಮತದವರಲ್ಲ, ಅವಳ ಮಾತಿನವರೂ ಅಲ್ಲ. ಜೊತೆಗೆ, ಅವರಿಗೆ ಜಾಗ ಕೊಟ್ಟರೆ ಪೋರ್ಚುಗೀಸರ ಕಣ್ಣು ಕೆಂಪಾಗುವುದು ಗ್ಯಾರಂಟಿ. ಆದರೂ ಕೊಟ್ಟಳು.

ಸ್ವಲ್ಪ ಯೋಚಿಸಿ ನೋಡಿ. 1479ರಲ್ಲಿ ಈ ದಂಡೆಯಿಂದ ಜನ ಪ್ರಾಣ ಹಿಡಿದುಕೊಂಡು ಗೋವೆಗೆ ಓಡಿದ್ದರು. ತೊಂಬತ್ತು ವರ್ಷ ಕಳೆಯುವುದರೊಳಗೆ ಗೋವೆಯಿಂದ ಜನ ಪ್ರಾಣ ಹಿಡಿದುಕೊಂಡು ಇದೇ ದಂಡೆಗೆ ಬಂದರು. ದಾರಿ ಅದೇ, ದಿಕ್ಕು ಮಾತ್ರ ತಿರುಗುಮುರುಗು. ಸತ್ತವರನ್ನು ಯಾವ ಅಧಿಪತಿಯೂ ಎಬ್ಬಿಸಿ ತರಲಾರ. ಆದರೆ ಒಂದು ಕಾಲಕ್ಕೆ ಜನರನ್ನು ಓಡಿಸಿದ ನೆಲವನ್ನು ಇನ್ನೊಂದು ಕಾಲಕ್ಕೆ ಜನ ಬಂದು ಸೇರುವ ನೆಲವಾಗಿ ಮಾಡಬಹುದು. ಹಳೆಯ ಗಾಯಕ್ಕೆ ಮದ್ದು ಅಂತ ಇದ್ದರೆ ಅದೇ. ಕುಮಟಾ, ಹೊನ್ನಾವರ, ಭಟ್ಕಳದ ಪೇಟೆಗಳಲ್ಲಿ ಇವತ್ತಿಗೂ ಕೊಂಕಣಿ, ಕನ್ನಡ, ನವಾಯತಿ ಮೂರೂ ಕಿವಿಗೆ ಬೀಳುತ್ತವಲ್ಲ, ಆ ಬೆರಕೆ ಮಾತು ಹೀಗೆ ಬಂದು ನೆಲೆ ನಿಂತವರ ಬಳುವಳಿ.

ನಾಲ್ಕು ಬಾಗಿಲ ಬಸದಿ

ಗೇರುಸೊಪ್ಪದಲ್ಲಿ ನೋಡಬೇಕಾದ್ದು ಇರುವುದು ನಗರಬಸ್ತಿಕೇರಿಯಲ್ಲಿ. ಅಣೆಕಟ್ಟಿನ ಹತ್ತಿರ ಬಂದು, ಯಾರನ್ನಾದರೂ ಕೇಳಿದರೆ ದಾರಿ ತೋರಿಸುತ್ತಾರೆ. ಕಾಡಿನ ನಡುವೆ ಬೂದು ಬಣ್ಣದ ಕಲ್ಲಿನ ಚತುರ್ಮುಖ ಬಸದಿ. ನಾಲ್ಕು ದಿಕ್ಕಿಗೂ ನಾಲ್ಕು ಬಾಗಿಲು, ಒಳಗೆ ನಾಲ್ಕೂ ದಿಕ್ಕಿಗೆ ಮುಖ ಮಾಡಿ ಕುಳಿತ ತೀರ್ಥಂಕರರು. ಕಾರ್ಕಳದಲ್ಲಿ 1586ರಲ್ಲಿ ಕಟ್ಟಿದ ಚತುರ್ಮುಖ ಬಸದಿಯನ್ನು ನೋಡಿದವರಿಗೆ ಇದು ಅದರ ಅಕ್ಕನೋ ತಂಗಿಯೋ ಅನ್ನಿಸೀತು. ಕಾರ್ಕಳದ್ದು ಬಂಡೆಯ ಮೇಲೆ ಊರಿಗೆಲ್ಲ ಕಾಣುವಂತಿದೆ, ಇದು ಮರಗಳ ನೆರಳಿನಲ್ಲಿ ಮುಖ ಮರೆಸಿಕೊಂಡಿದೆ. ಯಾವ ದಿಕ್ಕಿನಿಂದ ಬಂದರೂ ಎದುರಿಗೆ ಬಾಗಿಲೇ ಹೊರತು ಗೋಡೆಯಲ್ಲ. ಆಸರೆ ಕೊಟ್ಟ ರಾಣಿಯ ಊರಿಗೆ ಇದಕ್ಕಿಂತ ಒಪ್ಪುವ ಕಟ್ಟಡ ಉಂಟೇ?

ಹತ್ತಿರದಲ್ಲೇ ನೇಮಿನಾಥ, ಪಾರ್ಶ್ವನಾಥ, ವರ್ಧಮಾನ ಬಸದಿಗಳಿವೆ, ಬರೆದ ಕಲ್ಲುಗಳು ನಿಂತಿವೆ. ಜ್ವಾಲಾಮಾಲಿನಿ ದೇವಿಗೆ ಇಂದೂ ಪೂಜೆ ನಡೆಯುತ್ತದೆ, ದೂರದ ಊರುಗಳಿಂದ ಭಕ್ತರು ಬರುತ್ತಾರೆ. ಉಳಿದದ್ದೆಲ್ಲ ಕಾಡು, ಹಕ್ಕಿಯ ಕೂಗು, ಒಣಗಿದ ಎಲೆಯ ಸದ್ದು. ಇಲ್ಲೊಂದು ಪಟ್ಟಣವಿತ್ತು, ಸಂತೆಯಿತ್ತು, ಹೆಂಗಸರು ನೀರಿಗೆ ಬರುತ್ತಿದ್ದರು ಅಂದರೆ ನಂಬುವುದೇ ಕಷ್ಟ.

ರಾಣಿಗೆ ಸಿಕ್ಕದ ಆಸರೆ

ಅಷ್ಟು ಜನರಿಗೆ ಆಸರೆಯಾದವಳಿಗೆ ಕೊನೆಗೆ ಆಸರೆ ಸಿಕ್ಕಲಿಲ್ಲ. 1606ರ ಸುಮಾರಿಗೆ ಕೆಳದಿಯ ವೆಂಕಟಪ್ಪ ನಾಯಕ ಗೇರುಸೊಪ್ಪವನ್ನು ಗೆದ್ದ. ವಯಸ್ಸಾದ ರಾಣಿ ಸೆರೆಯಾದಳು, ಘಟ್ಟದ ಮೇಲಿನ ಸೆರೆಮನೆಯಲ್ಲೇ ತೀರಿಕೊಂಡಳು. ಅವಳನ್ನು ಕೆಡವಿದವರು ಸಮುದ್ರದಾಚೆಯ ಪೋರ್ಚುಗೀಸರಲ್ಲ, ಘಟ್ಟದ ಮೇಲಿನ ನಮ್ಮವರೇ ಎಂಬುದು ನೆನಪಾದರೆ ಕರುಳು ಚುರ್ ಅನ್ನುತ್ತದೆ.

1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಇಕ್ಕೇರಿಗೆ ಹೋಗುತ್ತಾ ಹೊನ್ನಾವರದಿಂದ ದೋಣಿಯಲ್ಲಿ ಇಲ್ಲಿಗೆ ಬಂದಿದ್ದ. ಹೊಳೆಯ ಚೆಲುವನ್ನು ಬಾಯಿ ತುಂಬ ಹೊಗಳಿದ್ದಾನೆ. ಊರಿನ ಬಗ್ಗೆ ಬರೆಯುವಾಗ ಮಾತ್ರ ಅವನ ಲೇಖನಿ ಸಪ್ಪಗಾಗಿದೆ. ಪಟ್ಟಣವೂ ಅರಮನೆಯೂ ಬಿದ್ದು ಮರಗಿಡ ಬೆಳೆದಿದ್ದವು, ರೈತರ ಒಂದಷ್ಟು ಗುಡಿಸಲು ಬಿಟ್ಟರೆ ಏನೂ ಇರಲಿಲ್ಲ. ಹದಿನೈದಿಪ್ಪತ್ತು ವರ್ಷದಲ್ಲಿ ಒಂದು ರಾಜಧಾನಿ ಕಾಡಾಗಿಹೋಗಿತ್ತು.

ಇಷ್ಟಕ್ಕೇ ಕತೆ ಮುಗಿಸಿದರೆ ಕೆಳದಿಯವರಿಗೆ ಅನ್ಯಾಯವಾದೀತು. 1689ರಲ್ಲಿ ಶಿವಾಜಿಯ ಮಗ ರಾಜಾರಾಮ ಔರಂಗಜೇಬನ ಸೈನ್ಯದಿಂದ ತಪ್ಪಿಸಿಕೊಂಡು ಬಂದಾಗ ಅವನಿಗೆ ಆಸರೆ ಕೊಟ್ಟವಳು ಅದೇ ಕೆಳದಿಯ ರಾಣಿ ಚೆನ್ನಮ್ಮ. ಒಬ್ಬ ರಾಣಿಯನ್ನು ಸೆರೆಗೆ ಹಾಕಿದ ಮನೆಗೆ ಸೊಸೆಯಾಗಿ ಬಂದ ಇನ್ನೊಬ್ಬಳು, ಗೊತ್ತಿದ್ದೋ ಗೊತ್ತಿಲ್ಲದೆಯೋ, ಆ ಮೊದಲನೆಯವಳ ಕೆಲಸವನ್ನೇ ಮುಂದುವರಿಸಿದಳು.

1993ರಲ್ಲಿ ಭಟ್ಕಳದಲ್ಲಿ ಗಲಭೆಯೆದ್ದು ತಿಂಗಳುಗಟ್ಟಲೆ ಜನ ಕಂಗಾಲಾಗಿದ್ದು ಅನೇಕರಿಗೆ ನೆನಪಿರಬಹುದು. ಅಂಥ ಹೊತ್ತಿನಲ್ಲಿ ಹಳೆಯ ಕೊಲೆಗಳ ಲೆಕ್ಕ ತೆಗೆಯುವವರು ಬೇಕಾದಷ್ಟು ಜನ ಸಿಗುತ್ತಾರೆ. ಆಗ 1479 ಅಂತಾರೆ, 1560 ಅಂತಾರೆ, ತಮಗೆ ಬೇಕಾದ ಇಸವಿ ಮಾತ್ರ ಹೇಳುತ್ತಾರೆ. ನಾವು ಮಕ್ಕಳಿಗೆ ಎಲ್ಲ ಇಸವಿಗಳನ್ನೂ ಹೇಳಬೇಕು, ಜೊತೆಗೆ ಬಾಗಿಲು ತೆರೆದವಳ ಹೆಸರನ್ನೂ ಹೇಳಬೇಕು. ಚೆನ್ನಭೈರಾದೇವಿಯ ನೆನಪಿಗೆ 2025ರಲ್ಲಿ ಅಂಚೆ ಚೀಟಿ ಬಂದಿದೆ. ಗಜಾನನ ಶರ್ಮರು ಅವಳ ಹೆಸರಿನಲ್ಲೇ ಕಾದಂಬರಿ ಬರೆದಿದ್ದಾರೆ. ತಡವಾಗಿಯಾದರೂ ಆಗಿದೆ, ಸಂತೋಷ.

ಹೋಗಿಬರುವವರಿಗೆ

ಕೊಂಕಣ ರೈಲಿನಲ್ಲಿ ಬಂದರೆ ಹೊನ್ನಾವರದಲ್ಲಿ ಇಳಿಯಿರಿ. ಮಳೆಗಾಲದಲ್ಲಿ ಬೇಡ, ಇಂಬಳದ ಕಾಟ ಜಾಸ್ತಿ, ಕಲ್ಲೂ ಜಾರುತ್ತದೆ. ಕಾರ್ತಿಕದಿಂದ ಮಾಘದವರೆಗೆ ಹಿತ. ನಗರಬಸ್ತಿಕೇರಿಯಲ್ಲಿ ಹೋಟೆಲನ್ನು ನಂಬಿಕೊಳ್ಳಬೇಡಿ. ಚಪಾತಿ-ಪಲ್ಯವೋ ಚಿತ್ರಾನ್ನವೋ ಕಟ್ಟಿಕೊಂಡು, ನೀರು ತುಂಬಿಕೊಂಡೇ ಹೊರಡಿ. ಉಂಡ ಎಲೆ, ಪ್ಲಾಸ್ಟಿಕ್ಕುಗಳನ್ನು ಬಸದಿಯ ಹತ್ತಿರ ಬಿಸಾಕದೆ ವಾಪಸು ತನ್ನಿ. ಅಣೆಕಟ್ಟಿನಿಂದ ನೀರು ಬಿಡುವುದುಂಟು, ಮಕ್ಕಳನ್ನು ಹೊಳೆಗೆ ಇಳಿಸಬೇಡಿ. ಘಟ್ಟ ಹತ್ತಿ ಜೋಗಕ್ಕೆ ಹೋಗುವವರು ರಸ್ತೆಬದಿಯ ಮರಗಳ ಮೇಲೆ ಕಣ್ಣಿಟ್ಟಿರಿ, ಅದೃಷ್ಟವಿದ್ದರೆ ಸಿಂಗಳೀಕ ಕಂಡೀತು.

ಬರುವಾಗ ತೋಟದವರ ಹತ್ತಿರ ಒಂದು ಸೇರು ಮೆಣಸು ಕೊಂಡು ತನ್ನಿ. ಕಾಳು ಭಾರವಾಗಿದ್ದು, ನೀರಿಗೆ ಹಾಕಿದರೆ ಮುಳುಗಬೇಕು, ತೇಲಿದರೆ ಜೊಳ್ಳು. ತಂದು ಇನ್ನೊಂದು ಬಿಸಿಲು ಕಾಣಿಸಿ ಡಬ್ಬಿಗೆ ತುಂಬಿದರೆ ಮುಂದಿನ ಮಾಘದವರೆಗೂ ಘಾಟು ಆರುವುದಿಲ್ಲ.