ಕೆಟ್ಟದ್ದೆಂದು ಕೇಳಿಯೂ ಕಾದದ್ದು

ಮುಖ್ಯೋಪಾಧ್ಯಾಯಿನಿಯ ಲೇಖನವೆಂದರೆ ಕಟ್ಟಡ ನಿಧಿಯ ವಿಷಯವೋ ಪರೀಕ್ಷೆಯ ಫಲಿತಾಂಶದ ವಿಷಯವೋ ಇರುವದೆಂದು ನಮ್ಮ ಹಳೆಯ ವಿದ್ಯಾರ್ಥಿನಿಯರು ಎಣಿಸಿಕೊಂಡಿದ್ದರೆ ಅದು ಅವರ ತಪ್ಪಲ್ಲ. ಹಿಂದಿನ ಸಂಚಿಕೆಗಳಿಗೆ ನಾವು ಬರೆದುಕೊಟ್ಟದ್ದೆಲ್ಲ ಅಂಥದೇ. ಈ ಸಾರಿ ಭಯಾನಕ ಕಥೆಗಳಿಂದ ತೆಗೆದ ಚಲಚ್ಚಿತ್ರಗಳನ್ನು ಕುರಿತು ಬರೆಯಲು ಅಪ್ಪಣೆ ಬೇಡುತ್ತೇವೆ. ತಂದೆತಾಯಿಗಳು ಗಾಬರಿಪಡಬೇಕಾದ ಕಾರಣವಿಲ್ಲ. ನಲವತ್ತು ದಾಟಿದ ಉಪಾಧ್ಯಾಯಿನಿಗೆ ಇಂಥ ಹಂಬಲವೇಕೆಂದು ಕೇಳಿದರೆ ಅದಕ್ಕೆ ಉತ್ತರ ಈ ಬರಹದಲ್ಲಿಯೇ ಸಿಕ್ಕೀತು.

1994ರಲ್ಲಿ ನಾವು ಒಂಬತ್ತನೆಯ ತರಗತಿಯಲ್ಲಿದ್ದೆವು. ಬೋರ್ಡಿಂಗಿನ ಕಪಾಟಿನಲ್ಲಿ ಮೇರಿ ಶೆಲ್ಲಿಯವರ ‘ಫ್ರಾಂಕೆನ್‌ಸ್ಟೈನ್’ ಎಂಬ ಕಾದಂಬರಿಯ ರಟ್ಟು ಹರಿದ ಪ್ರತಿಯೊಂದಿತ್ತು. ಆ ಹೆಸರು ರಾಕ್ಷಸನದೆಂದು ಬಹು ಮಂದಿ ತಿಳಿದಿದ್ದಾರೆ. ಅದು ಅವನನ್ನು ನಿರ್ಮಿಸಿದ ವಿದ್ಯಾರ್ಥಿಯ ಹೆಸರು. ಅವನು ಸತ್ತವರ ಅವಯವಗಳನ್ನು ಕೂಡಿಸಿ ಜೀವ ಬರಿಸುತ್ತಾನೆ. ಆ ಜೀವ ಕಣ್ಣು ತೆರೆದ ಕೂಡಲೆ ಅದರ ರೂಪಕ್ಕೆ ಹೇಸಿ ಓಡಿಹೋಗುತ್ತಾನೆ. ಬಿಟ್ಟುಹೋದವನಿಗೆ ಹೆಸರೂ ಇಲ್ಲ, ಮನೆಯೂ ಇಲ್ಲ.

ಹೆದರುವದಕ್ಕೆಂದೇ ಪುಸ್ತಕವನ್ನು ಹಿಡಿದಿದ್ದ ನಮಗೆ ನಡುವಿನ ಭಾಗ ಬಂದಾಗ ಹೆದರಿಕೆ ಮರೆತುಹೋಯಿತು. ಆ ಪ್ರಾಣಿ ಕಾಡಿನ ಅಂಚಿನ ಒಂದು ಬಡ ಮನೆಗೆ ಅಂಟಿಕೊಂಡ ಗೂಡಿನಲ್ಲಿ ಅಡಗಿ, ಗೋಡೆಯ ಸಂದಿಯಿಂದ ಒಳಗೆ ನೋಡುತ್ತದೆ. ಅಲ್ಲಿ ಕುರುಡನಾದ ಮುದುಕ ತಂದೆ, ಅವನ ಮಗ, ಮಗಳು. ಪರದೇಶದಿಂದ ಬಂದ ಸಾಫೀ ಎಂಬ ತರುಣಿಗೆ ಮಗನು ಭಾಷೆ ಕಲಿಸುತ್ತಿರುವಾಗ ಹೊರಗಿನವನೂ ಕಲಿಯುತ್ತಾನೆ. ಕಲಿಸುವವನಿಗೆ ತನಗೊಬ್ಬ ಶಿಷ್ಯನು ಹೆಚ್ಚಾಗಿದ್ದಾನೆಂದು ಗೊತ್ತೇ ಇಲ್ಲ! ಮುಂದೆ ಕಾಡಿನಲ್ಲಿ ಬಿದ್ದಿದ್ದ ಪೆಟ್ಟಿಗೆಯೊಂದರಲ್ಲಿ ಅವನಿಗೆ ಮೂರು ಪುಸ್ತಕಗಳು ಸಿಕ್ಕುತ್ತವೆ. ಅವುಗಳಲ್ಲಿ ಮಿಲ್ಟನ್ ಕವಿಯ ‘ಪ್ಯಾರಡೈಸ್ ಲಾಸ್ಟ್’ ಒಂದು. ಅದನ್ನು ಓದಿ ಅವನು ತನ್ನನ್ನು ಆದಾಮನಿಗೆ ಹೋಲಿಸಿಕೊಳ್ಳುತ್ತಾನೆ. ಆದಾಮನಿಗೆ ಆದರೋ ಜೊತೆಗೊಬ್ಬಳಿದ್ದಳಲ್ಲಾ ಎಂದು ಕೊರಗುತ್ತಾನೆ. ಕಡೆಗೆ ಧೈರ್ಯ ಮಾಡಿ, ಮನೆಯಲ್ಲಿ ಇತರರಿಲ್ಲದ ಹೊತ್ತಿನಲ್ಲಿ ಕುರುಡ ಮುದುಕನ ಮುಂದೆ ಹೋಗಿ ಕುಳಿತು ಮಾತಾಡುತ್ತಾನೆ. ಮುದುಕನು ಕನಿಕರದಿಂದಲೇ ಕೇಳುತ್ತಾನೆ. ಅಷ್ಟರಲ್ಲಿ ಕಣ್ಣುಳ್ಳವರು ಬಂದು ಅವನನ್ನು ಕೋಲಿನಿಂದ ಹೊಡೆಯುತ್ತಾರೆ.

ಅದೇ ವರ್ಷ ಈ ಕಥೆಯನ್ನು ಕೆನೆತ್ ಬ್ರಾನಾ ಎಂಬವರು ಚಿತ್ರವಾಗಿ ತೆಗೆದರು. ರಾಬರ್ಟ್ ಡಿ ನಿರೋ ಎಂಬ ಪ್ರಖ್ಯಾತ ನಟರು ಆ ಹೆಸರಿಲ್ಲದವನಾಗಿದ್ದರು. ನಾವು ಆಸೆಯಿಂದ ಕುಣಿದೆವು. ಕೆಲ ದಿನಗಳಲ್ಲಿಯೇ ವಾಚನಾಲಯಕ್ಕೆ ಬರುತ್ತಿದ್ದ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ವಿಮರ್ಶೆ ಕಂಡಿತು: ಅರಚಾಟ ಹೆಚ್ಚು, ಸಾರ ಕಡಿಮೆ ಎಂಬುವದು ಅದರ ತಾತ್ಪರ್ಯ. ನಮ್ಮ ಮೇಟ್ರನ್ನಮ್ಮನವರು, “ಪೇಪರಿನವರೇ ಕೆಟ್ಟದ್ದೆಂದ ಮೇಲೆ ಇನ್ನೇನು ಮಗೂ, ಎರಡು ಗಂಟೆ ಉಳಿಯಿತೆಂದುಕೋ” ಎಂದರು. ಹಾಗೆಂದುಕೊಳ್ಳುವದು ನಮ್ಮಿಂದಾಗಲಿಲ್ಲ. ಏಳೆಂಟು ವರ್ಷ ಕಾದು, ತರಬೇತಿ ಕಾಲೇಜಿನಲ್ಲಿದ್ದಾಗ ಗೆಳತಿಯೊಬ್ಬಳ ಮನೆಯ ಟೆಲಿವಿಷನ್ನಿನಲ್ಲಿ ಅದನ್ನು ನೋಡಿದೆವು.

ವಿಮರ್ಶಕರು ಹೇಳಿದ್ದು ಸುಳ್ಳಾಗಿರಲಿಲ್ಲ. ಪಾತ್ರಧಾರಿಗಳು ಕೂಗುತ್ತಾರೆ, ಓಡುತ್ತಾರೆ. ಕ್ಯಾಮರಾ ಅವರನ್ನು ಸುತ್ತಿ ಸುತ್ತಿ ನಮಗೇ ತಲೆತಿರುಗುತ್ತದೆ. ಆದರೆ ಗೋಡೆಯ ಸಂದಿಯಿಂದ ಅಕ್ಷರ ಕಲಿಯುವವನು ಅಲ್ಲಿದ್ದನು. ಅವನಿಗೆ ಮಾತು ಇತ್ತು. ನಮಗೆ ಬೇಕಾದದ್ದು ಅದೊಂದೇ.

ಇದನ್ನು 1931ರಲ್ಲಿ ಜೇಮ್ಸ್ ವೇಲ್ ತೆಗೆದ ಚಿತ್ರದೊಡನೆ ಹೋಲಿಸಿ ನೋಡಿರಿ. ಎಲ್ಲರೂ ಹೊಗಳುವ ಚಿತ್ರ ಅದು. ಚಪ್ಪಟೆ ತಲೆ, ಕತ್ತಿನ ಕೀಲುಗಳೊಂದಿಗೆ ಮಕ್ಕಳು ಇಂದಿಗೂ ಬರೆಯುವ ರಾಕ್ಷಸನ ಮುಖ ಅಲ್ಲಿ ಬೋರಿಸ್ ಕಾರ್ಲಾಫ್ ಧರಿಸಿದ್ದು. ನಟನೆ ಮನ ಕರಗಿಸುವಂಥದು, ಒಪ್ಪುತ್ತೇವೆ. ಆದರೂ ಅದರಲ್ಲಿ ಅವನು ಗುರುಗುಟ್ಟುತ್ತಾನೆಯೇ ಹೊರತು ಒಂದು ಶಬ್ದವನ್ನೂ ಆಡುವದಿಲ್ಲ. 1935ರ ಎರಡನೆಯ ಚಿತ್ರದಲ್ಲಿ ಕುರುಡ ಸನ್ಯಾಸಿಯೊಬ್ಬನು ಅವನಿಗೆ ಕೆಲವೇ ಮಾತುಗಳನ್ನು ಕಲಿಸುತ್ತಾನೆ. ಮಿಲ್ಟನನನ್ನು ಓದಿದವನಿಗೆ ಅಷ್ಟೇ ಪಾಲು. ಹೊಗಳಿಕೆ ಪಡೆದ ಚಿತ್ರವು ಕಿತ್ತುಕೊಂಡದ್ದನ್ನು ಬೈಗುಳ ತಿಂದ ಚಿತ್ರವು ಹಿಂದಕ್ಕೆ ಕೊಟ್ಟಿತು.

ಮೂಲ ಪುಸ್ತಕದ ಪಾಡಾದರೂ ಏನಾಗಿತ್ತು? 1816ರ ಬೇಸಿಗೆಯಲ್ಲಿ ಜಿನೀವಾ ಸರೋವರದ ತೀರದಲ್ಲಿ ಮಳೆ ಬಿಡದೆ ಸುರಿದು, ಮನೆಯೊಳಗೆ ಕುಳಿತವರೆಲ್ಲ ಒಂದೊಂದು ದೆವ್ವದ ಕಥೆ ಬರೆಯಬೇಕೆಂದು ಬೈರನ್ ಕವಿಯು ಹೇಳಿದಾಗ ಇದನ್ನು ಆರಂಭಿಸಿದ ಮೇರಿಗೆ ಹದಿನೆಂಟು ವರ್ಷ. ನಮ್ಮಲ್ಲಿಂದ ಹೊರಬಿದ್ದು ಎರಡು ವರ್ಷವಾದ ಹುಡುಗಿಯ ಪ್ರಾಯ! 1818ರಲ್ಲಿ ಪುಸ್ತಕವು ಹೆಸರಿಲ್ಲದೆ ಪ್ರಕಟವಾಯಿತು. ‘ಕ್ವಾರ್ಟರ್ಲಿ ರಿವ್ಯೂ’ ಎಂಬ ಪ್ರಬಲ ಪತ್ರಿಕೆ ಅದನ್ನು ಹೀನಾಯವಾಗಿ ಜರೆಯಿತು. ಮೆಚ್ಚಿ ಬರೆದ ವಾಲ್ಟರ್ ಸ್ಕಾಟರು ಬರೆದವರು ಆಕೆಯ ಪತಿಯೆಂದು ಭಾವಿಸಿದ್ದರು. 1823ರಲ್ಲಿ ಲಂಡನ್ನಿನಲ್ಲಿ ಇದು ನಾಟಕವಾದಾಗ ಮೇರಿ ತಾವೇ ಹೋಗಿ ನೋಡಿದರು. ಅಲ್ಲಿಯೂ ರಾಕ್ಷಸನು ಮೂಕನೇ. ಪಾತ್ರಗಳ ಪಟ್ಟಿಯಲ್ಲಿ ಅವನ ಹೆಸರಿರಬೇಕಾದಲ್ಲಿ ಬರಿಯ ಗೆರೆಯನ್ನು ಹಾಕಿದ್ದರು. ಹೆಸರಿಲ್ಲದವನನ್ನು ಹೆಸರಿಸುವ ಆ ಕ್ರಮ ಅವರಿಗೆ ಹಿಡಿಸಿತಂತೆ.

ಅಲ್ಲಿಂದೀಚೆಗೆ ನಾವು ಬೈಗುಳ ತಿಂದ ಚಿತ್ರಗಳಿಗಾಗಿ ಕಾಯುವದನ್ನು ಬಿಟ್ಟಿಲ್ಲ. ಶರ್ಲೀ ಜ್ಯಾಕ್ಸನ್ನರ ಹಾಳು ಮನೆಯ ಕಾದಂಬರಿಯಿಂದ 1999ರಲ್ಲಿ ತೆಗೆದದ್ದನ್ನು ನೋಡಿದೆವು. ವಿಮರ್ಶಕರು ದಯೆ ತೋರಿಸಿದ್ದರೆಂದೇ ಅನಿಸಿತು. 2015ರಲ್ಲಿ ಬಂದ ‘ವಿಕ್ಟರ್ ಫ್ರಾಂಕೆನ್‌ಸ್ಟೈನ್’ ವಿಷಯದಲ್ಲಿ ಮೌನವೇ ಲೇಸು.

ಚಿತ್ರಗಳ ವಿಷಯದಲ್ಲಿ ಇಷ್ಟು ಹಟ ಹಿಡಿದಿದ್ದ ನಾವು ನಮ್ಮ ಸ್ವಂತ ಆಫೀಸಿನಲ್ಲಿ ಏನು ಮಾಡಿದೆವೆಂಬದನ್ನೂ ಹೇಳಬೇಕು. ಕೆಲವು ವರ್ಷಗಳ ಹಿಂದೆ ಎಂಟನೆಯ ತರಗತಿಗೆ ಸೇರಲು ಒಬ್ಬ ಹುಡುಗಿ ಬಂದಳು. ಹಿಂದಿನ ಶಾಲೆಯಿಂದ ತಂದ ಕಾಗದದಲ್ಲಿ ನಡತೆಯ ಕುರಿತು ಎರಡು ಸಾಲು ಬರೆದಿತ್ತು: ಮೊಂಡಿ, ಎದುರುತ್ತರ ಕೊಡುವವಳು, ಇತರರನ್ನು ಕೆಡಿಸುವಳು. ಹುಡುಗಿ ಮೇಜಿನ ಆಚೆಗೆ ನಿಂತಿದ್ದಳು. ನಾವು ತಲೆಯೆತ್ತದೆ ಕಾಗದವನ್ನು ಓದಿ ಮುಗಿಸಿ, ತರಗತಿಗೆ ಸೇರಿಸಿಕೊಂಡೆವು, ಬೋರ್ಡಿಂಗಿನಲ್ಲಿ ಸ್ಥಳವಿಲ್ಲವೆಂದೆವು. ಸ್ಥಳವಿತ್ತು. ಆಕೆ ಆ ವರ್ಷವಿಡೀ ಮುಂಜಾನೆ ಕತ್ತಲೆಯಲ್ಲಿ ಮನೆ ಬಿಟ್ಟು ಎರಡು ಬಸ್ಸು ಹತ್ತಿ ಬಂದಳು. ಸಂಜೆಯ ಬಸ್ಸು ತಡವಾದ್ದರಿಂದ ಗ್ರಂಥಾಲಯದಲ್ಲಿ ಕುಳಿತಿರುತ್ತಿದ್ದಳು. ಯಾರನ್ನೂ ಕೆಡಿಸಿದ್ದು ನಮಗೆ ಕಾಣಲಿಲ್ಲ. ಎದುರುತ್ತರವೆಂದರೆ, ತಿಳಿಯದ್ದನ್ನು ತಿಳಿಯುವವರೆಗೂ ಕೇಳುತ್ತಿದ್ದಳು.

ಫೆಬ್ರುವರಿ ತಿಂಗಳ ಒಂದು ಸಂಜೆ ಆಕೆ ‘ಫ್ರಾಂಕೆನ್‌ಸ್ಟೈನ್’ ಪುಸ್ತಕವನ್ನು ಹಿಂದಿರುಗಿಸಲು ಬಂದಾಗ ಗ್ರಂಥಾಲಯದಲ್ಲಿ ನಾವೇ ಇದ್ದೆವು. “ಟೀಚರ್, ಅವನು ಅಷ್ಟು ಚೆನ್ನಾಗಿ ಮಾತಾಡುತ್ತಾನಲ್ಲಾ, ನೋಡಿ ಓಡಿಹೋದವರು ಒಂದು ಮಾತು ಕೇಳಿ ಆಮೇಲೆ ಓಡಬಹುದಿತ್ತಲ್ಲವೇ?” ಎಂದಳು. ಕುಚೋದ್ಯವಿರಲಿಲ್ಲ; ಕಥೆಯ ವಿಷಯವನ್ನೇ ಕೇಳಿದ್ದಳು. ನಾವು ಪುಸ್ತಕವನ್ನು ಬರೆದುಕೊಳ್ಳುವ ನೆಪದಿಂದ ತಲೆ ತಗ್ಗಿಸಿದೆವು. ಮರುದಿನವೇ ಬೋರ್ಡಿಂಗಿನಲ್ಲಿ ಸ್ಥಳವಿದೆಯೆಂದು ಆಕೆಯ ತಂದೆಯವರಿಗೆ ತಿಳಿಸಿದೆವು. ಅವರಿಗೆ ಆಗಲೇ ಬೇರೆ ಊರಿಗೆ ವರ್ಗವಾಗಿತ್ತು. ಆಕೆಯ ವರ್ಗಾವಣೆ ಪತ್ರದಲ್ಲಿ ನಡತೆಯ ಕುರಿತು ನಾವು ಬರೆದ ಸಾಲನ್ನು ನಾಲ್ಕು ಸಾರಿ ತಿದ್ದಿ ಬರೆದೆವು.

2025ರಲ್ಲಿ ಗಿಲೆರ್ಮೋ ದೆಲ್ ತೋರೊ ಎಂಬ ನಿರ್ದೇಶಕರು ಇದೇ ಕಥೆಯನ್ನು ತೆಗೆದಾಗ ನಾವು ಒಂದು ವಿಮರ್ಶೆಯನ್ನೂ ಓದದೆ ಕಾದೆವು. ನವೆಂಬರಿನಲ್ಲಿ ಅದು ನೆಟ್‌ಫ್ಲಿಕ್ಸಿನಲ್ಲಿ ಬಂದಿತು. ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ತನ್ನ ಮನೆಗೆ ಕರೆದು ತೋರಿಸಿದಳು. ಅರ್ಧದಲ್ಲಿ ಆಕೆಯ ಅತ್ತೆಯವರು ರಕ್ತ ನೋಡಲಾರದೆ ಒಳಗೆ ಎದ್ದುಹೋದರು. ಕುರುಡ ಮುದುಕನ ಮನೆಯ ಭಾಗವನ್ನು ಅವರು ನೋಡಬೇಕಾಗಿತ್ತು. ಅಲ್ಲಿ ಅವನು ಓದುತ್ತಾನೆ, ಮಾತಾಡುತ್ತಾನೆ.

ಗ್ರಂಥಾಲಯದ ಆ ಪ್ರತಿಗೆ ಈ ವರ್ಷ ಹೊಸ ರಟ್ಟು ಹಾಕಿಸಿದ್ದೇವೆ. ಎರಡು ಬಸ್ಸು ಹತ್ತಿ ಬರುತ್ತಿದ್ದ ಆ ಹುಡುಗಿ ಈಗ ಎಲ್ಲಿದ್ದಾಳೆಂದು ಬಲ್ಲವರು ಶಾಲೆಗೆ ಒಂದು ಕಾಗದ ಬರೆಯಬೇಕೆಂದು ಕೇಳಿಕೊಳ್ಳುತ್ತೇವೆ. ಹೆಸರನ್ನು ಇಲ್ಲಿ ಅಚ್ಚು ಮಾಡಿಸುವದು ಸರಿಯಲ್ಲ. ಆಕೆಯ ತರಗತಿಯವರಿಗೆ ಗೊತ್ತು.