ಆಲ್ಬಮ್ಮಿನಲ್ಲಿ ನಮ್ಮ ಮೈಬಣ್ಣ ಎಲ್ಲಿ ಹೋಯ್ತು?

ಈಗೀಗ ಮದುವೆಗೆ ಛತ್ರ ಸಿಕ್ಕ ಮರುದಿನವೇ ಫೋಟೋಗ್ರಾಫರ್‌ಗೆ ಅಡ್ವಾನ್ಸ್ ಹೋಗುತ್ತೆ. ಡ್ರೋನ್ ಇದ್ಯಾ, ಕ್ರೇನ್ ಇದ್ಯಾ, ಎಲ್‌ಇಡಿ ವಾಲ್ ಎಷ್ಟು ಅಡಿದು, ಪ್ರಿ-ವೆಡ್ಡಿಂಗ್ ಎಲ್ಲಿ ಮಾಡಿಸ್ತೀರ, ಆಲ್ಬಮ್ ಎಷ್ಟು ಶೀಟು? ಇಷ್ಟನ್ನೂ ತಪ್ಪದೆ ಕೇಳ್ತೀವಿ. ಆದರೆ ‘ಯಾವ ಲೆನ್ಸ್ ಹಾಕ್ತೀರ? ಎಡಿಟಿಂಗ್ ಯಾರು ಮಾಡ್ತಾರೆ?’ ಅಂತ ಕೇಳಿದವರನ್ನ ನಾನಂತೂ ನೋಡಿಲ್ಲ. ಹತ್ತು ವರ್ಷ ಆದಮೇಲೆ ಆಲ್ಬಮ್ ತೆರೆದಾಗ ಉಳಿದಿರೋದು ಮಾತ್ರ ಈ ಎರಡು ಪ್ರಶ್ನೆಗಳ ಉತ್ತರವೇ.

ನಮ್ಮ ದೊಡ್ಡಪ್ಪನ ಮಗ ಹೊಳೆನರಸೀಪುರದಲ್ಲಿ ಪುಟ್ಟದೊಂದು ಸ್ಟುಡಿಯೋ ಇಟ್ಟಿದ್ದಾನೆ. ನಾನು ಬೆಂಗಳೂರಿನಲ್ಲಿ ಕೋಡ್ ಬರೆಯೋನು. ಸೀಸನ್‌ನಲ್ಲಿ ಆಳು ಸಾಲದಿದ್ದಾಗ ಶನಿವಾರ ರಾತ್ರಿ ಬಸ್ ಹತ್ತಿ ಹೋಗಿ ಎರಡನೇ ಕ್ಯಾಮೆರಾ ಹಿಡೀತೀನಿ. ನಾಲ್ಕು ವರ್ಷ ಹೀಗೆ ಓಡಾಡಿದ ಮೇಲೆ ಒಂದು ವಿಷಯ ಗೊತ್ತಾಗಿದೆ: ನಮ್ಮ ಜಿಲ್ಲೆಯಲ್ಲಿ ತಾಲ್ಲೂಕಿಗೊಂದು ಬೆಳಕು. ಅರಕಲಗೂಡು ಕಡೆ ಹಳ್ಳಿಗಳಲ್ಲಿ ಮನೆ ಮುಂದೆ ಶಾಮಿಯಾನ ಹಾಕಿದ್ರೆ ಕೆಂಪು-ಹಳದಿ ಬಟ್ಟೆಯಿಂದ ಸೋಸಿ ಬರೋ ಬಿಸಿಲು ಎಲ್ಲರ ಮುಖಕ್ಕೂ ಕುಂಕುಮ ಎರಚುತ್ತೆ. ಹೊಳೆನರಸೀಪುರದ ಹಳೇ ಛತ್ರಗಳಲ್ಲಿ ಟ್ಯೂಬ್‌ಲೈಟು, ಮೇಲೆ ಅದರ ತಣ್ಣನೆ ಹಸಿರು. ಚನ್ನರಾಯಪಟ್ಟಣದಲ್ಲಿ ಬೆಂಗಳೂರು–ಮಂಗಳೂರು ಹೆದ್ದಾರಿ ಅಕ್ಕಪಕ್ಕದ ದೊಡ್ಡ ಹಾಲ್‌ಗಳಲ್ಲಿ ಎಲ್‌ಇಡಿ ಅಬ್ಬರ. ಹಾಸನದ ರಿಸೆಪ್ಷನ್‌ಗಳಲ್ಲಿ ನೇರಳೆ, ನೀಲಿ ಪಾರ್ ಲೈಟು. ಇಷ್ಟಕ್ಕೂ ಒಂದೇ ಕಿಟ್ ಲೆನ್ಸು, ಒಂದೇ ಫ್ಲ್ಯಾಶು, ಒಂದೇ ಪ್ರಿಸೆಟ್ಟು ಅಂತ ಹೊರಟರೆ ಹೇಗೆ?

ಮೊದಲು ಲೆನ್ಸಿನ ಮಾತು. ಕ್ಯಾಮೆರಾ ಜೊತೆ ಬರೋ 18-55 ಕಿಟ್ ಲೆನ್ಸನ್ನ ಪೂರ್ತಿ ಝೂಮ್ ಮಾಡಿದ್ರೆ ಅದರ ಕಿಂಡಿ ಎಫ್ 5.6ಕ್ಕಿಂತ ಜಾಸ್ತಿ ತೆರೆಯೋದಿಲ್ಲ. ಹತ್ತು ಸಾವಿರದ ಆಸುಪಾಸಿನಲ್ಲಿ ಸಿಗೋ 50 ಎಂಎಂ ಲೆನ್ಸು ಎಫ್ 1.8ರ ತನಕ ತೆರೆಯುತ್ತೆ. ಲೆಕ್ಕ ಹಾಕಿದ್ರೆ ಒಂಬತ್ತು ಪಟ್ಟಿಗಿಂತ ಹೆಚ್ಚು ಬೆಳಕು ಒಳಗೆ ಬರುತ್ತೆ. ಐಎಸ್‌ಒ 6400ಕ್ಕೆ ಏರಿಸಿ ಫೋಟೋ ತುಂಬಾ ರವೆ ಚೆಲ್ಲಿದ ಹಾಗೆ ಮಾಡಿಕೊಳ್ಳೋ ಕಡೆ 800ರಲ್ಲಿ ಕೆಲಸ ಮುಗಿಯುತ್ತೆ. ಹಾಗಂತ ಯಾವಾಗಲೂ ಪೂರ್ತಿ ತೆರೆದಿಡೋದಲ್ಲ. ಮೂರು ಸಾಲು ನಿಂತ ಗ್ರೂಪ್ ಫೋಟೋಗೆ 1.8 ಇಟ್ಟರೆ ಮುಂದಿನ ಸಾಲು ಸ್ಪಷ್ಟ, ಹಿಂದಿನ ಸಾಲಲ್ಲಿರೋ ಮಾವಂದಿರು ಮಂಜು. ಅಲ್ಲಿ 5.6, ಇಲ್ಲಾ 8 ಬೇಕು.

ಗ್ರೂಪ್ ಫೋಟೋದ ಇನ್ನೊಂದು ಜಗಳ ನಿಮಗೂ ಗೊತ್ತಿರುತ್ತೆ. ‘ಅಂಚಲ್ಲಿ ನಿಂತಿದ್ದಕ್ಕೆ ನನ್ನ ದಪ್ಪ ಮಾಡಿದಾನೆ’ ಅಂತ ಅತ್ತೆಯಂದಿರು ಗೊಣಗೋದು. ಅವರ ಮಾತಲ್ಲಿ ಸುಳ್ಳಿಲ್ಲ. 18 ಎಂಎಂನಂಥ ಅಗಲದ ಲೆನ್ಸಲ್ಲಿ ಹತ್ತಿರದಿಂದ ತೆಗೆದ್ರೆ ಅಂಚಿನಲ್ಲಿರೋರು ಅಡ್ಡಕ್ಕೆ ಎಳೆದ ಹಾಗೆ ಕಾಣ್ತಾರೆ. ನಾಲ್ಕು ಹೆಜ್ಜೆ ಹಿಂದೆ ಹೋಗಿ 35ರಲ್ಲೋ 50ರಲ್ಲೋ ತೆಗೆದ್ರೆ ಅತ್ತೆಯೂ ಖುಷಿ, ನಾವೂ ಬಚಾವ್.

ಇನ್ನು ಧಾರೆ ಹೊತ್ತು. ಜೀರಿಗೆ-ಬೆಲ್ಲ ಆಗಿ, ತಾಳಿ ಕಟ್ಟಿ, ಗಂಡು-ಹೆಣ್ಣಿನ ಕೈ ಮೇಲೆ ತೆಂಗಿನಕಾಯಿ ಇಟ್ಟು ನೆಂಟರೆಲ್ಲ ಒಬ್ಬೊಬ್ಬರಾಗಿ ಹಾಲೆರೆಯೋವಾಗ ಮಂಟಪದ ಸುತ್ತ ನಾಲ್ಕು ಜನ ಕ್ಯಾಮೆರಾದವರ ಬೆನ್ನು. ಅಕ್ಷತೆ ಹಿಡಿದು ಕೂತವರಿಗೆ ಕಾಣೋದು ಆ ಬೆನ್ನೇ. 70-200 ಅನ್ನೋ ಟೆಲಿ ಲೆನ್ಸ್ ಇದ್ರೆ ಐದಾರು ಮೀಟರ್ ಹಿಂದೆ, ಪಕ್ಕಕ್ಕೆ ನಿಂತೇ ಹಾಲಿನ ಧಾರೆಯಿಂದ ಹಿಡಿದು ಹೆಣ್ಣಿನ ತಂದೆಯ ಕಣ್ಣಿನ ತನಕ ಎಲ್ಲಾ ಸಿಗುತ್ತೆ. ಜನಕ್ಕೂ ಮದುವೆ ಕಾಣುತ್ತೆ. ಬೆಲೆ ಮಾತ್ರ ಒಂದು ಹೊಸ ಬೈಕಿನಷ್ಟು. ಅಣ್ಣನಿಗೆ ಇದನ್ನ ಹೇಳಿದ್ರೆ ಅವನದು ಒಂದೇ ಉತ್ತರ: “ಲೋ, ಡ್ರೋನ್ ಹಾರ್ಸಿದ್ರೆ ಇಡೀ ಛತ್ರ ತಲೆ ಎತ್ತಿ ನೋಡುತ್ತೆ. ಲೆನ್ಸ್ ಯಾರಿಗ್ ಕಾಣುತ್ತೆ? ದುಡ್ಡು ಕೊಡೋರು ಕಾಣೋದಕ್ಕೇ ಕೊಡೋದು ಕಣೋ.” ಅವನ ಕಷ್ಟ ಅವನಿಗೆ. ಸೀಸನ್ ಇರೋದೇ ಕೆಲವು ತಿಂಗಳು. ಆಷಾಢದಲ್ಲಿ ಪಾಸ್‌ಪೋರ್ಟ್ ಸೈಜ್ ಫೋಟೋ ಮತ್ತು ಜೆರಾಕ್ಸಲ್ಲೇ ಅಂಗಡಿ ಬಾಡಿಗೆ ಹುಟ್ಟಬೇಕು.

ಲೆನ್ಸಿಗಿಂತ ಅಗ್ಗವಾಗಿ ಸುಧಾರಿಸಬಹುದಾದ್ದು ಬೆಳಕು. ವಿಡಿಯೋ ಲೈಟು ವಧೂವರರಿಂದ 2 ಮೀಟರ್ ದೂರ ಇದ್ದು, ಹಿಂದೆ ನಿಂತ ತಂದೆತಾಯಿ 4 ಮೀಟರ್ ದೂರ ಇದ್ರೆ ಅವರಿಗೆ ಬೀಳೋದು ಕಾಲು ಭಾಗ ಬೆಳಕು. ಪಿಯುಸಿ ಫಿಸಿಕ್ಸಲ್ಲಿ ಓದಿದ ವಿಲೋಮ ವರ್ಗ ನಿಯಮ ಇದೇ. ಅದಕ್ಕೇ ಹೆಣ್ಣು-ಗಂಡು ಸುಣ್ಣದ ಗೋಡೆ ಥರ, ಹಿಂದಿನವರು ಕತ್ತಲೆ ಥರ. ಫ್ಲ್ಯಾಶನ್ನ ನೇರ ಮುಖಕ್ಕೆ ಹೊಡೆಯೋ ಬದಲು ಬಿಳಿ ಚಾವಣಿಗೋ, ಬಿಳಿ ಬಟ್ಟೆಗೋ ಹೊಡೆದು ವಾಪಸ್ ತಂದರೆ ಎಲ್ಲರಿಗೂ ಹೆಚ್ಚು ಕಡಿಮೆ ಒಂದೇ ಬೆಳಕು. ಇದೇನೂ ಹೊಸ ವಿದ್ಯೆ ಅಲ್ಲ. 1956ರ ಸತ್ಯಜಿತ್ ರಾಯ್ ಅವರ ‘ಅಪರಾಜಿತೋ’ದಲ್ಲಿ ಕಾಶಿ ಮನೆಯ ಅಂಗಳದ ಸೆಟ್‌ಗೆ ಛಾಯಾಗ್ರಾಹಕ ಸುಬ್ರತ ಮಿತ್ರ ಬಿಳಿ ಬಟ್ಟೆ ಕಟ್ಟಿ, ಅದರಿಂದ ಬೆಳಕು ಪುಟಿಸಿ ಹಗಲು ಸೃಷ್ಟಿಸಿದ್ರು. ನಮ್ಮ ಮೈಸೂರಿನವರೇ ಆದ ವಿ.ಕೆ. ಮೂರ್ತಿ 1959ರ ‘ಕಾಗಜ್ ಕೆ ಫೂಲ್’ನಲ್ಲಿ ಕನ್ನಡಿಗಳಿಂದ ಬಿಸಿಲನ್ನ ಸ್ಟುಡಿಯೋ ಒಳಗೆ ಇಳಿಸಿದ್ರು. ಮುಂದೆ 2008ನೇ ಸಾಲಿನ ಫಾಲ್ಕೆ ಪ್ರಶಸ್ತಿ ಅವರಿಗೆ ಬಂತು. ಬಿಳಿ ಪಂಚೆ, ಕನ್ನಡಿ ಎರಡೂ ನಮ್ಮ ಛತ್ರಗಳಲ್ಲಿ ಇದ್ದೇ ಇರುತ್ತವಲ್ಲ!

ಇನ್ನೊಂದು ಸಣ್ಣ ಸೂತ್ರ. ನಮ್ಮ ಕರೆಂಟು 50 ಹರ್ಟ್ಜ್. ಹಾಗಾಗಿ ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಗೊತ್ತಾಗಲ್ಲ, ಕ್ಯಾಮೆರಾಗೆ ಗೊತ್ತಾಗುತ್ತೆ. ಶಟರ್ 1/500 ಇಟ್ಟರೆ ಒಂದು ಫೋಟೋ ಹಳದಿ, ಮುಂದಿನದು ಮಬ್ಬು, ಅದರ ಮುಂದಿನದಕ್ಕೆ ಅಡ್ಡಪಟ್ಟೆ. 1/100 ಇಟ್ಟರೆ ಬಹುಪಾಲು ತೊಂದರೆ ಹೋಗುತ್ತೆ. ಮೊಬೈಲಲ್ಲಿ ಪ್ರೊ ಮೋಡ್ ಇದ್ದವರೂ ಇದನ್ನ ಪ್ರಯತ್ನಿಸಬಹುದು.

ಹೊರಾಂಗಣದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಹಾಸನದಲ್ಲಿ ಪ್ರಿ-ವೆಡ್ಡಿಂಗ್ ಅಂದ್ರೆ ಶೆಟ್ಟಿಹಳ್ಳಿಯ ಪಾಳು ಚರ್ಚು, ಗೊರೂರು ಹಿನ್ನೀರು. ಹೇಮಾವತಿ ಜಲಾಶಯ ತುಂಬೋ ಮಳೆಗಾಲದಲ್ಲಿ ಚರ್ಚಿನ ಅರ್ಧ ಭಾಗ ನೀರಲ್ಲಿ, ಬೇಸಿಗೆಯಲ್ಲಿ ಒಳಗೇ ನಡೆದು ಹೋಗಬಹುದು. ಸಂಜೆ ಹೊತ್ತಿನ ಬೆಳಕು ಬಿದ್ರೆ ಯಾವ ಲೆನ್ಸಾದರೂ ಚೆಂದವೇ. ಬೇಲೂರು, ಹಳೇಬೀಡಿನಲ್ಲಿ ಟ್ರೈಪಾಡ್ ಇಡೋಕೆ ಪುರಾತತ್ವ ಇಲಾಖೆ ಅನುಮತಿ ಬೇಕು, ಅಷ್ಟು ನೆನಪಿರಲಿ.

ನಿಜವಾದ ಕಷ್ಟ ಶುರುವಾಗೋದು ಎಡಿಟಿಂಗ್ ಟೇಬಲ್ ಮೇಲೆ.

ನಮ್ಮ ಚಿಕ್ಕಪ್ಪನ ಮಗಳ ಮದುವೆ ಚನ್ನರಾಯಪಟ್ಟಣದ ಹತ್ತಿರದ ಹಾಲ್‌ನಲ್ಲಾಯ್ತು. ಫೋಟೋದವರನ್ನ ಗಂಡಿನ ಕಡೆಯವರು ಗೊತ್ತು ಮಾಡಿದ್ರು. ಮೂರು ತಿಂಗಳಾದ ಮೇಲೆ ಆಲ್ಬಮ್ ಬಂತು. ನಮ್ಮ ಹುಡುಗಿ ಕಪ್ಪಗೆ, ಲಕ್ಷಣವಾಗಿ ಇದ್ದಾಳೆ. ಆಲ್ಬಮ್ಮಿನಲ್ಲಿ ಇದ್ದವಳ ಮುಖ ಮೈದಾಹಿಟ್ಟು, ಕೈ ಮಾತ್ರ ಅವಳದ್ದೇ. ಕತ್ತಿನ ಹತ್ತಿರ ಎರಡು ಬಣ್ಣ ಸೇರೋ ಗೆರೆ ಕೂಡ ಕಾಣ್ತಿತ್ತು. ಬಂದ ನೆಂಟರೆಲ್ಲ ‘ಎಷ್ಟ್ ಬೆಳ್ಳಗ್ ಬಂದಿದಾಳೆ ನೋಡಿ’ ಅಂತ ಹೊಗಳಿದ್ರು. ಅವಳು ನನಗೆ ತೋರಿಸಿ ಮೆಲ್ಲಗೆ ಕೇಳಿದ್ಲು: “ಅಣ್ಣ, ಇವ್ಳ್ಯಾರು?” ಆಮೇಲೆ ಆಲ್ಬಮ್ ಬೀರು ಮೇಲೆ ಹೋಯ್ತು.

ಇದನ್ನ ಒಬ್ಬ ಎಡಿಟರ್ ಮೇಲೆ ಹಾಕಿ ಸುಮ್ಮನಾಗೋಕಾಗಲ್ಲ. ‘ಸ್ವಲ್ಪ ಬೆಳ್ಳಗೆ ಮಾಡಿಕೊಡಿ’ ಅಂತ ಕೇಳೋರು ಗಿರಾಕಿಗಳೇ. ಅಣ್ಣನ ಅಂಗಡಿಯಲ್ಲಿ ಕೂತು ನಾನೇ ಎಷ್ಟೋ ಸಲ ಕೇಳಿಸಿಕೊಂಡಿದ್ದೀನಿ. ಫೋಟೋ ತಂತ್ರಜ್ಞಾನಕ್ಕೂ ಈ ರೋಗದ ಚರಿತ್ರೆ ಇದೆ. ಕೊಡಾಕ್ ಕಂಪನಿ ದಶಕಗಳ ಕಾಲ ಲ್ಯಾಬ್‌ಗಳಿಗೆ ಬಣ್ಣ ಸರಿ ನೋಡೋಕೆ ಅಂತ ಕಳಿಸ್ತಿದ್ದ ‘ಶರ್ಲಿ ಕಾರ್ಡ್’ನಲ್ಲಿ ಇದ್ದದ್ದು ಬಿಳಿ ಹೆಂಗಸಿನ ಚಿತ್ರ. ಅವಳ ಚರ್ಮ ಸರಿಯಾಗಿ ಬಂದರೆ ಎಲ್ಲ ಸರಿ ಅಂತ ಲೆಕ್ಕ. ಬೇರೆ ಬೇರೆ ಮೈಬಣ್ಣದವರು ಆ ಕಾರ್ಡಿಗೆ ಬರೋ ಹೊತ್ತಿಗೆ 1990ರ ದಶಕ ಬಂದಿತ್ತು. ಈಗಿನ ಮೊಬೈಲ್‌ಗಳ ಬ್ಯೂಟಿ ಮೋಡ್ ಅದೇ ಕೆಲಸವನ್ನ ನಮ್ಮನ್ನ ಕೇಳದೇ ಮಾಡುತ್ತೆ.

ಆ ಸ್ಟುಡಿಯೋದವರನ್ನ ಕೇಳಿ ಮೂಲ ರಾ ಫೈಲುಗಳನ್ನ ಹಾರ್ಡ್‌ಡಿಸ್ಕಿಗೆ ಹಾಕಿಸಿಕೊಂಡೆ. ಇದು ಮುಖ್ಯ. ಜೆಪೆಗ್ ಫೋಟೋದಲ್ಲಿ ಪ್ರತಿ ಬಣ್ಣಕ್ಕೆ 256 ಮೆಟ್ಟಿಲು, 14 ಬಿಟ್ ರಾ ಫೈಲಿನಲ್ಲಿ 16,384. ಜೆಪೆಗ್‌ನಲ್ಲಿ ಒಮ್ಮೆ ಬೆಳ್ಳಗಾದ ಮುಖವನ್ನ ವಾಪಸ್ ತರೋಕೆ ಅಲ್ಲಿ ಏನೂ ಉಳಿದಿರಲ್ಲ. ರಾ ಫೈಲಿನಲ್ಲಿ ಉಳಿದಿರುತ್ತೆ. ಒಳಗೆ ಎಲ್ಲಾ ಇತ್ತು. ಮೊದಲು ಅವಳ ಚಿಕ್ಕಪ್ಪಂದಿರ ಬಿಳಿ ಪಂಚೆ ನೋಡಿ ವೈಟ್ ಬ್ಯಾಲೆನ್ಸ್ ಸರಿ ಮಾಡಿದೆ. ಧಾರೆ ಸೀರೆಯ ಕೆಂಪು ಉರಿದುಹೋಗಿ ಜರಿ ಮಾಯವಾಗಿತ್ತು, ಅದನ್ನ ತಗ್ಗಿಸಿದೆ. ಸ್ಟುಡಿಯೋದ ಪ್ರಿಸೆಟ್ ಹಸಿರನ್ನೆಲ್ಲ ಕಂದು ಮಾಡಿತ್ತು. ಬಾಳೆಕಂದು, ಮಾವಿನ ತೋರಣ, ಅವಳ ಹಸಿರು ಬಳೆ ಎಲ್ಲಾ ಒಣಗಿದ ಹಾಗಿದ್ವು. ಅವು ಮತ್ತೆ ಹಸಿರಾದ್ವು. ಮುಖದ ನೆರಳು ಸ್ವಲ್ಪ ಎತ್ತಿದೆ, ಬಣ್ಣ ಮುಟ್ಟಲಿಲ್ಲ. ಕೆಲಸ ಇಷ್ಟೇ. ನಾಲ್ಕು ರಾತ್ರಿ ಹಿಡೀತು.

ಅವಳು ಆರಿಸಿದ ನಲವತ್ತು ಫೋಟೋ ಹಾಸನದಲ್ಲಿ ಪ್ರಿಂಟ್ ಹಾಕಿಸಿ ಚಿಕ್ಕ ಆಲ್ಬಮ್ ಮಾಡಿಸಿದ್ವಿ. ಮೊದಲು ನೋಡಿದ್ದು ಅವಳ ಗಂಡ. ಎರಡು ಪುಟ ತಿರುವಿ, “ಹೆಣ್ ನೋಡೋಕ್ ಬಂದಾಗ ಹಿಂಗೇ ಇದ್ದೆ ನೀನು” ಅಂದ್ರು. ಅತ್ತೆಗೆ ಈಗಲೂ ದೊಡ್ಡ ಆಲ್ಬಮ್ಮೇ ಇಷ್ಟ. ಇರಲಿ, ಮನೆಯಲ್ಲಿ ಎರಡೂ ಇವೆ.

ಅದೇ ಮದುವೆಯ ಇನ್ನೊಂದು ಫೋಟೋ ಕತೆ ಹೇಳಲೇಬೇಕು. ಅಣ್ಣ ಅಲ್ಲಿಗೆ ನೆಂಟನಾಗಿ ಬಂದಿದ್ದ, ಹೆಗಲಲ್ಲಿ ಕ್ಯಾಮೆರಾ, ಯಾರದೋ ಹತ್ತಿರ ಕೇಳಿ ತಂದ 85 ಎಂಎಂ ಲೆನ್ಸು. ನಮ್ಮಜ್ಜಿ ಹಿಂದಿನ ಸಾಲಲ್ಲಿ ಪ್ಲಾಸ್ಟಿಕ್ ಕುರ್ಚಿ ಮೇಲೆ ಕೂತು ಎಲೆಗೆ ಸುಣ್ಣ ಸವರ್ತಾ ಇತ್ತು. ಹತ್ತಿರ ಹೋದ್ರೆ “ನಂದೇನ್ ತೆಗೀತೀಯ ಬುಡ್ಲಾ, ಮದುವೆ ಹೆಣ್ಣಿಂದ್ ತೆಗಿ” ಅಂತ ಸೆರಗು ಮುಚ್ಚಿಕೊಳ್ಳೋದು. ಅಣ್ಣ ದೂರದಿಂದಲೇ, ಅದು ಪಕ್ಕದವರ ಮಾತಿಗೆ ನಕ್ಕಾಗ ತೆಗೆದ. ಮುಂದಿನ ಆಷಾಢದಲ್ಲಿ ಅಜ್ಜಿ ಹೋಯ್ತು.

ನಮ್ಮ ಕಡೆ ಹಿರಿಯರು ತೀರಿಕೊಂಡಾಗ ಫ್ಲೆಕ್ಸಿಗೆ, ತಿಥಿ ಕಾರ್ಡಿಗೆ ಫೋಟೋ ಹುಡುಕೋದು ಯಾರದೋ ಮದುವೆ ಆಲ್ಬಮ್ಮಿನಲ್ಲೇ ಅಲ್ವಾ? ಅವತ್ತೂ ಹಾಗೇ ಆಯ್ತು. ದೊಡ್ಡ ಆಲ್ಬಮ್ಮಿನ ಸ್ಟೇಜ್ ಫೋಟೋದಲ್ಲಿ ಅಜ್ಜಿ ಇತ್ತು, ಆದರೆ ಚರ್ಮ ನಯ ಮಾಡೋ ಸಾಫ್ಟ್‌ವೇರು ಸುಕ್ಕಿನ ಜೊತೆ ಹಣೆಯ ಹಚ್ಚೆಯನ್ನೂ ಕಲೆ ಅಂತ ಅಳಿಸಿಬಿಟ್ಟಿತ್ತು. ಚಿಕ್ಕಮ್ಮ ನೋಡಿ “ಇದು ನಮ್ಮತ್ತೆ ಅಲ್ಲ, ತೆಗೀರಿ” ಅಂದ್ರು. ಅಣ್ಣನ ಫೋಟೋದಲ್ಲಿ ಹಚ್ಚೆ ಇತ್ತು, ಕೆಂಪಾದ ತುಟಿ ಇತ್ತು, ನಗು ಇತ್ತು. ಈಗ ನಡುಮನೆ ಗೋಡೆ ಮೇಲಿರೋದು ಅದೇ.

ಈ ವರ್ಷ ಮದುವೆ ಆಗೋರಿಗೆ, ಮಾಡಿಸೋರಿಗೆ ನನ್ನ ಮನವಿ ಇಷ್ಟು. ಅಡ್ವಾನ್ಸ್ ಕೊಡೋ ಮುಂಚೆ ಸ್ಟುಡಿಯೋದವರ ಒಂದು ಪೂರ್ತಿ ಮದುವೆಯ ಫೋಟೋ ನೋಡಿ, ಆರಿಸಿದ ಇಪ್ಪತ್ತನ್ನಲ್ಲ. ಛತ್ರದ ಒಳಗೆ ತೆಗೆದ ಫೋಟೋದಲ್ಲಿ ಹಿಂದೆ ನಿಂತವರ ಮುಖ ಕಾಣುತ್ತಾ ಗಮನಿಸಿ. ಮೈಬಣ್ಣ ಬದಲಾಯಿಸಬೇಡಿ, ಸುಕ್ಕು-ಹಚ್ಚೆ ಅಳಿಸಬೇಡಿ ಅಂತ ಬಾಯಿ ಬಿಟ್ಟು ಹೇಳಿ. ಹೇಳದಿದ್ರೆ ಅವರು ಬೆಳ್ಳಗೆ ಮಾಡೋದೇ ಸೇವೆ ಅಂದುಕೊಂಡಿರ್ತಾರೆ. ರಾ ಫೈಲು ಕೇಳಿ ತಗೊಳ್ಳಿ, ಎರಡು ಕಡೆ ಇಡಿ. ಗದ್ದಲದ ಫೋಟೋಗಳ ರವೆ ತೆಗೆಯೋಕೆ ಎಐ ಡಿನಾಯ್ಸ್ ಬಳಸಲಿ, ತೊಂದರೆ ಇಲ್ಲ. ಆದರೆ ದೂರದ ಪುಟ್ಟ ಮುಖಗಳನ್ನ ಅದು ‘ಸರಿ’ ಮಾಡಿದಾಗ ಬೇರೆ ಯಾರೋ ಆಗಿರಬಹುದು, ದೊಡ್ಡದು ಮಾಡಿ ನೋಡಿ. ಕೊನೆಗೆ, ಮದುವೆಗೆ ಬರೋ ಅಜ್ಜ-ಅಜ್ಜಿಯರ ಹೆಸರು ಒಂದು ಚೀಟಿಯಲ್ಲಿ ಬರೆದು ಫೋಟೋಗ್ರಾಫರ್ ಕೈಗೆ ಕೊಡಿ. ಅವರನ್ನ ಸ್ಟೇಜಿಗೆ ಕರೆಸೋದು ಬೇಡ, ಅವರು ಕೂತಲ್ಲೇ ಒಂದೊಂದು ತೆಗೀಲಿ.

ಅಣ್ಣ ಈಗ ಡ್ರೋನ್ ದುಡ್ಡಿನ ಜೊತೆಗೇ ಈ ಚೀಟಿಯನ್ನೂ ಕೇಳಿ ಇಸ್ಕೋತಾನೆ. 85 ಎಂಎಂ ಲೆನ್ಸು ಕಂತಿನಲ್ಲಿ ತಗೊಂಡಿದ್ದಾನೆ, ಇನ್ನೂ ಆರು ತಿಂಗಳ ಕಂತು ಬಾಕಿ.